ಬಂದೂಕಿಗಿಂತ ಮೊದಲು ಭಾಷೆ

ಪ್ರತಿ ಬುಧವಾರ ಬೆಳಿಗ್ಗೆ ನಮ್ಮ ನೆಲೆಯ ಗೇಟಿನ ಹೊರಗೆ ಟಾರ್ಪಾಲು ಕಟ್ಟಿ, ಎರಡು ಮೇಜು ಹಾಕಿ, ಸುತ್ತಲಿನ ಹಳ್ಳಿಗಳವರಿಗೆ ಉಚಿತ ಚಿಕಿತ್ಸೆ ನೀಡುತ್ತಿದ್ದೆವು. ಸ್ಥಳ, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವ ಅಂಚಿನಲ್ಲಿರುವ ಉತ್ತರ ಕಿವು ಪ್ರಾಂತ್ಯ. ನಾನು ಆಗ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ನಿಯೋಜಿತವಾಗಿದ್ದ ಭಾರತೀಯ ತುಕಡಿಯೊಂದರ ವೈದ್ಯಾಧಿಕಾರಿ. ಇದು 2010ಕ್ಕಿಂತ ಹಿಂದಿನ ಮಾತು.

ಒಂದು ಬುಧವಾರ ನಮ್ಮ ದುಭಾಷಿ ಬಂದಿರಲಿಲ್ಲ. ರೋಗಿಗಳ ಸಾಲು ಮಾತ್ರ ಮುಂಜಾನೆಯೇ ನಿಂತಿತ್ತು. ಜ್ವರ, ಭೇದಿ, ಗಾಯಗಳಿಗೆ ಕೈಸನ್ನೆಯೇ ಸಾಕು ಎಂದುಕೊಂಡು ಕೆಲಸ ಆರಂಭಿಸಿದೆ. ಒಬ್ಬ ತಾಯಿ ಬೆನ್ನಿಗೆ ಕಟ್ಟಿಕೊಂಡಿದ್ದ ಮಗುವನ್ನು ಬಿಚ್ಚಿ ಮೇಜಿನ ಮೇಲೆ ಮಲಗಿಸಿದಳು. ಮಲೇರಿಯಾ. ಮಾತ್ರೆ ಕೊಟ್ಟೆ, ಹೊತ್ತುಹೊತ್ತಿಗೆ ಎಷ್ಟು ಕೊಡಬೇಕೆಂದು ಬೆರಳೆಣಿಸಿ ತೋರಿಸಿದೆ. ಆದರೆ ಆಕೆ ಎದ್ದು ಹೋಗಲಿಲ್ಲ. ಎದುರಿನ ಬೆಟ್ಟದತ್ತ ಕೈಮಾಡಿ ‘ವಾಸಿ, ವಾಸಿ’ ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು. ಸಾವಿರಾರು ಮೈಲಿ ದೂರದಲ್ಲಿ ಕನ್ನಡದ ಶಬ್ದವೊಂದು ಕಿವಿಗೆ ಬಿದ್ದಂತಾಗಿ ನನಗೆ ನಗು ಬಂತು. ಆಕೆಗೆ ಕನ್ನಡ ಬರಲು ಸಾಧ್ಯವಿಲ್ಲವೆಂದು ತಿಳಿದಿದ್ದೂ, ‘ಹೌದಮ್ಮಾ, ವಾಸಿಯಾಗುತ್ತದೆ’ ಎಂದು ತಲೆಯಾಡಿಸಿ ಮುಂದಿನ ರೋಗಿಯನ್ನು ಕರೆದೆ.

ಮುಂದಿನ ವಾರ ದುಭಾಷಿ ಬಂದಾಗ ತಮಾಷೆಗೆಂದು ಇದನ್ನು ಹೇಳಿದೆ. ಅವನ ಮುಖ ಸಪ್ಪಗಾಯಿತು. ಸ್ವಾಹಿಲಿಯಲ್ಲಿ ಆ ಪದಕ್ಕೆ ಬಂಡುಕೋರರು ಎಂಬ ಅರ್ಥ. ಬೆಟ್ಟದ ಆಚೆಯ ಹಳ್ಳಿಯನ್ನು ಅಷ್ಟರಲ್ಲಿ ಸಶಸ್ತ್ರ ಗುಂಪೊಂದು ಲೂಟಿ ಮಾಡಿತ್ತು, ಜನ ಚದುರಿಹೋಗಿದ್ದರು. ಆ ತಾಯಿ ನನ್ನ ಬಳಿ ಬಂದಿದ್ದು ಔಷಧಕ್ಕೆ ಹೌದು, ಎಚ್ಚರಿಕೆ ಕೊಡುವುದಕ್ಕೂ ಹೌದು. ನಾನು ಮೊದಲಿನದನ್ನಷ್ಟೇ ಕೇಳಿಸಿಕೊಂಡಿದ್ದೆ. ಆಕೆ ಮತ್ತೆ ನಮ್ಮ ಟಾರ್ಪಾಲಿನ ಕೆಳಗೆ ಬರಲಿಲ್ಲ.

ಸೇವೆಯಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ ಮೇಲೂ ಆ ಬುಧವಾರ ನನ್ನನ್ನು ಬಿಟ್ಟಿಲ್ಲ. ಭಾರತದ ಶಾಂತಿಪಾಲನೆಯ ಬಗ್ಗೆ ನಾವು ಆಡುವ ಹೆಮ್ಮೆಯ ಮಾತುಗಳಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗುತ್ತಿದೆ ಎಂದು ನನಗೆ ಅನ್ನಿಸತೊಡಗಿದ್ದು ಅಂದಿನಿಂದಲೇ.

ಹೆಮ್ಮೆಗೆ ಕಾರಣಗಳಿಲ್ಲದಿಲ್ಲ. ವಿಶ್ವಸಂಸ್ಥೆಯ ಧ್ವಜದಡಿ ಈವರೆಗೆ 50ಕ್ಕೂ ಹೆಚ್ಚು ಕಾರ್ಯಾಚರಣೆಗಳಲ್ಲಿ 2.9 ಲಕ್ಷದಷ್ಟು ಭಾರತೀಯರು ದುಡಿದಿದ್ದಾರೆ. ಸುಮಾರು 180 ಮಂದಿ ಪ್ರಾಣ ತೆತ್ತಿದ್ದಾರೆ. ಬೇರಾವ ದೇಶವೂ ಇಷ್ಟು ಜೀವಗಳನ್ನು ಶಾಂತಿಪಾಲನೆಗಾಗಿ ಕಳೆದುಕೊಂಡಿಲ್ಲ. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನಿನ ಅಕೊಬೊ ಎಂಬಲ್ಲಿ ವಿಶ್ವಸಂಸ್ಥೆಯ ನೆಲೆಗೆ ಓಡಿಬಂದು ಆಶ್ರಯ ಬೇಡಿದ ನಾಗರಿಕರನ್ನು ಕೊಲ್ಲಲು ಸಶಸ್ತ್ರ ಗುಂಪು ನುಗ್ಗಿದಾಗ ನಮ್ಮ ಇಬ್ಬರು ಯೋಧರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಏಪ್ರಿಲ್‌ನಲ್ಲಿ ಅದೇ ಪ್ರಾಂತ್ಯದಲ್ಲಿ ವಾಹನಗಳ ಸಾಲಿಗೆ ಬೆಂಗಾವಲಾಗಿ ಹೋಗುತ್ತಿದ್ದ ಐವರು ಹೊಂಚುದಾಳಿಗೆ ಬಲಿಯಾಗಿದ್ದರು. ಧೈರ್ಯದ ವಿಷಯದಲ್ಲಿ ಭಾರತೀಯ ಸೈನಿಕನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಇಲ್ಲಿ ಹೇಳಹೊರಟಿರುವ ಕೊರತೆ ಧೈರ್ಯದ್ದಲ್ಲ.

ಹೊರದೇಶಕ್ಕೆ ಹೋದ ಪಡೆಯ ದಿನಚರಿ ಹೇಗಿರುತ್ತದೆ ಎಂಬ ಕಲ್ಪನೆ ಊರಿನಲ್ಲಿರುವವರಿಗೆ ಇರುವುದು ಕಡಿಮೆ. ಬಹುತೇಕ ದಿನಗಳಲ್ಲಿ ಯುದ್ಧವೇನೂ ಇರುವುದಿಲ್ಲ. ಮುಳ್ಳುತಂತಿ, ಮರಳುಚೀಲಗಳ ಗೋಡೆ, ಜನರೇಟರಿನ ಸದ್ದು, ತಗಡಿನ ಕಂಟೈನರುಗಳಲ್ಲಿ ವಾಸ. ಅಡುಗೆಮನೆಯಲ್ಲಿ ದಾಲ್, ರೊಟ್ಟಿ. ಮಲೇರಿಯಾ ತಡೆಯುವ ಮಾತ್ರೆಯನ್ನು ಸಾಲಾಗಿ ನಿಲ್ಲಿಸಿ ನುಂಗಿಸುವ ಶಿಸ್ತು. ಕೆಂಪು ಮಣ್ಣಿನ ರಸ್ತೆಗಳಲ್ಲಿ ಗಸ್ತು. ಮಳೆ ಬಂದರೆ ಆ ರಸ್ತೆಗಳೂ ಇಲ್ಲ. ಗೋಮಾ ನಗರಕ್ಕೆ ಹೋದರೆ ರಾತ್ರಿ ನ್ಯಿರಾಗೊಂಗೊ ಜ್ವಾಲಾಮುಖಿಯ ಬಾಯಿ ಆಕಾಶವನ್ನು ಕೆಂಪಾಗಿಸಿರುತ್ತಿತ್ತು. 2002ರಲ್ಲಿ ಅದು ಉಗುಳಿದ ಲಾವಾ ಕಪ್ಪು ಕಲ್ಲಾಗಿ ಊರಿನೊಳಗೆಲ್ಲ ಬಿದ್ದಿತ್ತು, ಜನ ಅದರ ಮೇಲೆಯೇ ಮತ್ತೆ ಮನೆ ಕಟ್ಟಿಕೊಂಡಿದ್ದರು. ಸಾಮಾನ್ಯವಾಗಿ ಒಂದು ವರ್ಷ ಹೀಗೆ ಕಳೆಯುತ್ತದೆ. ಊರಿನ ದಾರಿಗಳು, ಮುಖಂಡರ ಹೆಸರುಗಳು, ಯಾರನ್ನು ಕಂಡರೆ ಯಾರಿಗೆ ಭಯ ಎಂಬ ಗುಟ್ಟುಗಳು ಅರ್ಥವಾಗತೊಡಗುವ ಹೊತ್ತಿಗೆ ಹೊಸ ತುಕಡಿ ಬಂದಿಳಿಯುತ್ತದೆ, ಹಳೆಯದು ವಿಮಾನ ಹತ್ತುತ್ತದೆ.

ಹೊರಡುವ ಮುನ್ನ ತರಬೇತಿ ಇದ್ದೇ ಇರುತ್ತದೆ. ದೆಹಲಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದೇ 2000ದಲ್ಲಿ ಸ್ಥಾಪಿತವಾದ ಕೇಂದ್ರವಿದೆ. ಇತರ ದೇಶಗಳ ಅಧಿಕಾರಿಗಳೂ ಅಲ್ಲಿಗೆ ಕಲಿಯಲು ಬರುತ್ತಾರೆ. ಯಾವಾಗ ಗುಂಡು ಹಾರಿಸಬಹುದು, ನಾಗರಿಕರ ರಕ್ಷಣೆಯ ಹೊಣೆ ಏನು, ಮಾನವ ಹಕ್ಕುಗಳೇನು, ಸ್ಥಳೀಯ ಮಹಿಳೆಯರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಹೇಳಿಕೊಡುತ್ತಾರೆ. ಆದರೆ ನಮ್ಮ ಕಾಲದಲ್ಲಿ ಭಾಷೆಯ ಪಾಠವೆಂದರೆ ‘ಜಾಂಬೊ’ ಎಂಬ ನಮಸ್ಕಾರ, ‘ಅಸಾಂತೆ’ ಎಂಬ ಧನ್ಯವಾದ, ಅಷ್ಟೇ. ಬಂದೂಕನ್ನು ಬಿಚ್ಚಿ ಜೋಡಿಸುವುದನ್ನು ಕಣ್ಣುಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿಸುವ ಸೈನ್ಯ, ‘ಯಾರು ಬಂದರು, ಯಾವ ದಿಕ್ಕಿನಿಂದ, ಎಷ್ಟು ಜನ’ ಎಂಬ ಮೂರು ಪ್ರಶ್ನೆಗಳನ್ನು ಸ್ಥಳೀಯ ಭಾಷೆಯಲ್ಲಿ ಕೇಳುವುದನ್ನು ನಮಗೆ ಕಲಿಸಿರಲಿಲ್ಲ.

ಇದರ ಬೆಲೆ ಎಷ್ಟೆಂಬುದು ನಾನು ಅಲ್ಲಿಂದ ಹಿಂತಿರುಗಿದ ಮೇಲೆ ಜಗತ್ತಿಗೇ ಗೊತ್ತಾಯಿತು. 2010ರ ಜುಲೈ 30ರಿಂದ ಆಗಸ್ಟ್ 2ರವರೆಗೆ ಉತ್ತರ ಕಿವುವಿನ ವಾಲಿಕಾಲೆ ಸೀಮೆಯಲ್ಲಿ, ಲುವುಂಗಿ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ, ಸಶಸ್ತ್ರ ಗುಂಪುಗಳು 300ಕ್ಕೂ ಹೆಚ್ಚು ಜನರ ಮೇಲೆ ಅತ್ಯಾಚಾರ ಎಸಗಿದವು. ಶಾಂತಿಪಾಲನಾ ಪಡೆಯ ನೆಲೆಯೊಂದು ಆ ಸೀಮೆಯಲ್ಲೇ ಇತ್ತು. ಅಲ್ಲಿದ್ದವರು ಭಾರತೀಯರು. ಆಗಸ್ಟ್ 2ರಂದು ಗಸ್ತಿನ ತಂಡ ಲುವುಂಗಿಯ ಮೂಲಕವೇ ಹಾದುಹೋಯಿತು. ನಡೆದದ್ದೇನೆಂದು ಅವರಿಗೆ ತಿಳಿಯಲೇ ಇಲ್ಲ. ಹಳ್ಳಿಯವರು ಭಯದಿಂದ, ಅವಮಾನದಿಂದ ಬಾಯಿಬಿಡಲಿಲ್ಲ. ಬಾಯಿಬಿಟ್ಟಿದ್ದರೂ ಅರ್ಥಮಾಡಿಕೊಳ್ಳಲು ಬೇಕಾದ ದುಭಾಷಿಗಳ ಕೊರತೆ ಇತ್ತು. ವಿಶ್ವಸಂಸ್ಥೆಯ ಶಾಂತಿಪಾಲನಾ ವಿಭಾಗದ ಪರವಾಗಿ ತನಿಖೆಗೆ ಹೋಗಿಬಂದ ಅತುಲ್ ಖರೆ ಅವರೂ ಭಾರತೀಯರೇ. ತಮ್ಮವರ ಕ್ರಮ ಸಾಲದಾಗಿತ್ತು ಎಂದು ಅವರು ಭದ್ರತಾ ಮಂಡಳಿಯ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಆ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಟಾರ್ಪಾಲು. ಹಳ್ಳಿಯ ನಡುವೆ ಗಸ್ತಿನ ವಾಹನ ಹಾದುಹೋಗುತ್ತದೆ, ಒಳಗಿರುವವರು ಕೈಬೀಸುತ್ತಾರೆ, ಮಕ್ಕಳೂ ಕೈಬೀಸುತ್ತಾರೆ. ವರದಿಯಲ್ಲಿ ‘ಪರಿಸ್ಥಿತಿ ಶಾಂತ’ ಎಂದು ದಾಖಲಾಗುತ್ತದೆ. ಕೇಳಿಸಿಕೊಳ್ಳಲಾಗದವನ ಕಣ್ಣಿಗೆ ಎಲ್ಲ ಹಳ್ಳಿಗಳೂ ಶಾಂತವಾಗಿಯೇ ಕಾಣುತ್ತವೆ.

ವಿಶ್ವಸಂಸ್ಥೆ ಪಾಠ ಕಲಿಯಲಿಲ್ಲವೆಂದಲ್ಲ. ಸ್ಥಳೀಯ ಭಾಷೆ ಬಲ್ಲ ಕಾಂಗೊದವರನ್ನೇ ಸಮುದಾಯ ಸಂಪರ್ಕ ಸಹಾಯಕರನ್ನಾಗಿ ನೇಮಿಸಿ ನೆಲೆಗಳಿಗೆ ಕಳುಹಿಸುವ ವ್ಯವಸ್ಥೆ ಅಲ್ಲಿ ಬೆಳೆಯಿತು. ಆಪತ್ತಿನ ಸುಳಿವು ಸಿಕ್ಕೊಡನೆ ಹಳ್ಳಿಗಳಿಂದ ನೆಲೆಗೆ ಫೋನಿನ ಮೂಲಕ ಸುದ್ದಿ ಮುಟ್ಟಿಸುವ ಜಾಲಗಳನ್ನು ರಚಿಸಲಾಯಿತು. ಇವು ಪವಾಡ ಮಾಡಲಿಲ್ಲ. 2012ರ ನವೆಂಬರ್‌ನಲ್ಲಿ, ಮತ್ತೆ 2025ರ ಜನವರಿಯಲ್ಲಿ, ಎಂ-23 ಬಂಡುಕೋರರು ಗೋಮಾ ನಗರವನ್ನೇ ವಶಪಡಿಸಿಕೊಂಡರು. ಒಂದು ಸೇನೆಯಷ್ಟು ಬಲವಿರುವ ಬಂಡುಕೋರ ಪಡೆಯನ್ನು ದುಭಾಷಿಗಳು ತಡೆಯಲಾರರು, ನಿಜ. ಆದರೆ ಹಳ್ಳಿಯೊಂದಕ್ಕೆ ರಾತ್ರಿ ನುಗ್ಗುವ ಇಪ್ಪತ್ತು ಮಂದಿಯ ಸುಳಿವು ಹಗಲೇ ಸಿಕ್ಕರೆ ಒಂದು ಗಸ್ತನ್ನು ಅಲ್ಲಿಗೆ ಕಳುಹಿಸಬಹುದು. ಶಾಂತಿಪಾಲಕನ ಕೆಲಸ ಬಹುಪಾಲು ಇಂಥ ಸಣ್ಣ ಸಾಧ್ಯತೆಗಳದ್ದೇ.

ಇಲ್ಲಿಯೇ ಸೈನಿಕರ ಸಮಾಜಸೇವೆಯ ಪ್ರಶ್ನೆ ಬರುತ್ತದೆ. ದಕ್ಷಿಣ ಸುಡಾನಿನ ಮಲಕಾಲ್‌ನಲ್ಲಿ ಭಾರತೀಯ ಪಶುವೈದ್ಯರು ಹಳ್ಳಿಗರ ದನಕರುಗಳಿಗೆ ಚಿಕಿತ್ಸೆ ನೀಡಿದ್ದಾರೆ. ಅಲ್ಲಿನ ದನಗಾಹಿ ಸಮುದಾಯಗಳಿಗೆ ದನವೇ ಸಂಪತ್ತು, ದನವೇ ವಧುದಕ್ಷಿಣೆ, ಅನೇಕ ಕಾದಾಟಗಳಿಗೂ ದನವೇ ಕಾರಣ. ಹಸುವಿಗೆ ಚುಚ್ಚುಮದ್ದು ಕೊಡುವ ವೈದ್ಯನೊಡನೆ ದನಗಾಹಿ ಆಡುವ ಮಾತು, ಬಂದೂಕು ಹಿಡಿದು ನಿಂತವನೊಡನೆ ಆಡುವ ಮಾತಿಗಿಂತ ಬೇರೆಯದೇ. ಲೈಬೀರಿಯಾದಲ್ಲಿ 2007ರಿಂದ 2016ರವರೆಗೆ ಭಾರತದ ಮಹಿಳೆಯರೇ ತುಂಬಿದ್ದ ಪೊಲೀಸ್ ದಳ ಕೆಲಸ ಮಾಡಿತು. ಅಂಥದೊಂದು ದಳವನ್ನು ವಿಶ್ವಸಂಸ್ಥೆಗೆ ಕಳುಹಿಸಿದ ಮೊದಲ ದೇಶ ನಮ್ಮದು. ರಾಜಧಾನಿ ಮನ್ರೋವಿಯಾದಲ್ಲಿ ರಾತ್ರಿ ಗಸ್ತು ತಿರುಗಿದ ಈ ಮಹಿಳೆಯರು ಅಲ್ಲಿನ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯನ್ನೂ ಕಲಿಸಿದರು. ಅವರಿದ್ದ ಒಂಬತ್ತು ವರ್ಷಗಳಲ್ಲಿ ಆ ದೇಶದ ಭದ್ರತಾ ವಲಯದಲ್ಲಿ ಮಹಿಳೆಯರ ಪಾಲು ಶೇ 6ರಿಂದ ಶೇ 17ಕ್ಕೆ ಏರಿತು. ಇತ್ತೀಚೆಗೆ ಕಾಂಗೊದಲ್ಲಿ ಮೇಜರ್ ರಾಧಿಕಾ ಸೇನ್ 2023–24ರಲ್ಲಿ ಮುನ್ನಡೆಸಿದ ತಂಡದ ಮುಖ್ಯ ಕೆಲಸವೇ ಹಳ್ಳಿಗಳ ಮಹಿಳೆಯರು ಮತ್ತು ಮಕ್ಕಳೊಂದಿಗೆ ಮಾತನಾಡುವುದು. ಅದಕ್ಕಾಗಿ ಅವರಿಗೆ ವಿಶ್ವಸಂಸ್ಥೆಯ ಪ್ರಶಸ್ತಿ ಸಂದಿತು.

ಇವೆಲ್ಲ ಸೈನ್ಯದ ‘ನಿಜವಾದ’ ಕೆಲಸದ ನಡುವೆ ಬಿಡುವಿನಲ್ಲಿ ಮಾಡುವ ಪುಣ್ಯಕಾರ್ಯ ಎಂದು ನನ್ನ ಸಹೋದ್ಯೋಗಿಗಳಲ್ಲಿ ಹಲವರು ಭಾವಿಸಿದ್ದರು. ಔಷಧ ಹಂಚಿದೆವು, ಮಕ್ಕಳಿಗೆ ಪುಸ್ತಕ ಕೊಟ್ಟೆವು, ಫೋಟೊ ತೆಗೆಸಿ ಪ್ರಧಾನ ಕಚೇರಿಗೆ ಕಳುಹಿಸಿದೆವು, ಮುಗಿಯಿತು. ನಾನೂ ಹಾಗೆಯೇ ನಂಬಿದ್ದೆ. ಅದು ತಪ್ಪು. ಶಾಂತಿಪಾಲಕನಿಗೆ ಹಳ್ಳಿಯ ಜೊತೆ ಮಾತು ಬೆಳೆಯುವ ಜಾಗ ಇದೇ. ಹಳ್ಳಿಯ ವೈದ್ಯರನ್ನು ಕೇಳಿ ನೋಡಿ: ಹೊಟ್ಟೆನೋವೆಂದು ಬಂದ ಹೆಂಗಸು ಗಂಡ ಹೊಡೆದ ವಿಷಯವನ್ನು ಹೇಳುವುದು ಔಷಧದ ಚೀಟಿ ಕೈಗೆ ಬಂದ ಮೇಲೆ, ಬಾಗಿಲ ಬಳಿ ನಿಂತು. ಆ ಕೊನೆಯ ಮಾತಿಗೆ ಕಿವಿಗೊಡದ ವೈದ್ಯ ಹೊಟ್ಟೆಗೆ ಔಷಧ ಕೊಟ್ಟಿರುತ್ತಾನೆ, ರೋಗಿಯನ್ನು ನೋಡಿರುವುದಿಲ್ಲ.

ನಮಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಕಳೆದ ವರ್ಷ ಮಡಿಕೇರಿಗೆ ಹೋದಾಗ ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ಗೆ ಭೇಟಿ ಕೊಟ್ಟಿದ್ದೆ. 2021ರಿಂದ ಅದು ಸಾರ್ವಜನಿಕರಿಗೆ ತೆರೆದ ವಸ್ತುಸಂಗ್ರಹಾಲಯ. ಯುದ್ಧವೀರನೆಂದೇ ನಾವು ನೆನೆಯುವ ಕೊಡಗಿನ ಈ ಸೇನಾನಿ ಅತ್ಯಂತ ಕಷ್ಟದ ಎರಡು ಹೊಣೆಗಳನ್ನು ಹೊತ್ತದ್ದು ಮಾತಿನ ಮೈದಾನದಲ್ಲಿ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಭವಿಷ್ಯ ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರಾದರು. 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳ ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ನೇತೃತ್ವದ ಭಾರತೀಯ ಪಡೆ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತೀಯ ಸೈನಿಕರು ತಮ್ಮ ನೆಲ ಮೆಟ್ಟಕೂಡದೆಂದು ಹಟ ಹಿಡಿದಿದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲೇ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು. ಕೈದಿಗಳು ಒಬ್ಬ ಭಾರತೀಯ ಮೇಜರನ್ನು ಒತ್ತೆಯಿಟ್ಟುಕೊಂಡಾಗ ಥೋರಟ್ ತಾವೇ ಅವರ ಆವರಣದೊಳಗೆ ಹೋಗಿ, ಮಾತನಾಡಿ ಬಿಡಿಸಿಕೊಂಡು ಬಂದರು. ಗುಂಡು ಹಾರಿಸಬೇಕಾಗಿ ಬಂದ ಸಂದರ್ಭಗಳೂ ಇದ್ದವು. ಆದರೂ ಆ ಪಡೆಯ ಹೆಸರು ಉಳಿದದ್ದು ತಾಳ್ಮೆಗಾಗಿ.

ಅದಕ್ಕೂ ಮೊದಲೇ, 1950ರಲ್ಲಿ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ ಭಾರತೀಯ ವೈದ್ಯಕೀಯ ದಳ ಕೊರಿಯಾ ತಲುಪಿತ್ತು. ಯುದ್ಧರಂಗದ ಗಾಯಾಳುಗಳ ಜೊತೆಗೆ ಡೇಗು ನಗರದ ಸಾಮಾನ್ಯ ಜನರಿಗೂ ಆ ದಳದ ವೈದ್ಯರು ಚಿಕಿತ್ಸೆ ಮಾಡಿದರು. ನಿವೃತ್ತಿಯ ನಂತರ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು; ಲಾರ್ನಕಾ ನಗರದ ಒಂದು ಬೀದಿಗೆ ಅವರ ಹೆಸರಿದೆ. ಪರದೇಶದ ಜನ ಸೈನಿಕನೊಬ್ಬನನ್ನು ಹೀಗೆ ನೆನಪಿಟ್ಟುಕೊಳ್ಳುವುದು ಅವನು ಹಾರಿಸಿದ ಗುಂಡುಗಳಿಗಾಗಿ ಅಲ್ಲ.

ನನ್ನ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಸಮವಸ್ತ್ರದವರು ಔಷಧ ಹಂಚಿದರೆ, ಮುಂದೆ ಔಷಧ ಹಂಚುವ ಪ್ರತಿಯೊಬ್ಬನನ್ನೂ ಬಂಡುಕೋರರು ಸೈನ್ಯದ ಕಡೆಯವನೆಂದು ಸಂಶಯಿಸುತ್ತಾರೆ. ಚಿಕಿತ್ಸೆಯ ನೆಪದಲ್ಲಿ ಸುದ್ದಿ ಸಂಗ್ರಹಿಸಿದರೆ ರೋಗಿಯ ಪ್ರಾಣಕ್ಕೇ ಅಪಾಯ ಎಂದು ಪರಿಹಾರ ಸಂಸ್ಥೆಗಳವರು ಹೇಳುತ್ತಾರೆ. ಇದನ್ನು ನಾನು ಒಪ್ಪುತ್ತೇನೆ. ರೋಗಿಯನ್ನು ಗೂಢಚಾರನನ್ನಾಗಿ ಮಾಡಬಾರದು. ಆಸ್ಪತ್ರೆ ಇರುವ ಕಡೆ ಸೈನ್ಯ ಅದರೊಡನೆ ಪೈಪೋಟಿಗೆ ಇಳಿಯಬಾರದು. ಆದರೆ ಕೆದಕಿ ಕೇಳುವುದು ಬೇರೆ, ತಾನಾಗಿ ಹೇಳಲು ಬಂದವಳ ಮಾತನ್ನು ಅರ್ಥಮಾಡಿಕೊಳ್ಳುವುದು ಬೇರೆ. ಆ ತಾಯಿಯನ್ನು ನಾನೇನೂ ಕೇಳಿರಲಿಲ್ಲ. ಅವಳೇ ಹೇಳಿದಳು.

ಇನ್ನೊಂದು ಆಕ್ಷೇಪ ನೋವಿನದು. ಕಾಂಗೊದಲ್ಲಿ ಶಾಂತಿಪಾಲಕರಲ್ಲಿ ಕೆಲವರು ಸ್ಥಳೀಯ ಹೆಣ್ಣುಮಕ್ಕಳನ್ನು ಶೋಷಿಸಿದ ಆರೋಪಗಳು ಕೇಳಿಬಂದವು. ಭಾರತೀಯ ತುಕಡಿಗಳೂ ಇದರಿಂದ ಹೊರತಾಗಿರಲಿಲ್ಲ. ಸೇನೆ ವಿಚಾರಣೆ ನಡೆಸಬೇಕಾಯಿತು. ಜನರೊಡನೆ ಬೆರೆಯುವುದನ್ನೇ ನಿಲ್ಲಿಸಿದರೆ ಈ ಪಿಡುಗು ನಿಲ್ಲುತ್ತದೆ ಎನ್ನುವವರಿದ್ದಾರೆ. ನನಗೆ ತೋರುವುದು ಇದಕ್ಕೆ ವಿರುದ್ಧ. ಅನ್ಯಾಯಕ್ಕೆ ಒಳಗಾದ ಹುಡುಗಿ ದೂರು ಹೇಳಲು ಯಾರ ಬಳಿ ಹೋಗಬೇಕು, ಯಾವ ಭಾಷೆಯಲ್ಲಿ ಹೇಳಬೇಕು? ಅವಳ ಮಾತು ಬಲ್ಲ ಒಬ್ಬ ಮಹಿಳೆ ನೆಲೆಯಲ್ಲಿದ್ದರೆ ತಪ್ಪಿತಸ್ಥ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲಾರ. ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ಹೊಣೆ ಸೈನಿಕನನ್ನು ಕಳುಹಿಸಿದ ದೇಶದ್ದೇ. ಆದ್ದರಿಂದ ವಿಚಾರಣೆಯ ಫಲಿತಾಂಶವನ್ನು ಸಂತ್ರಸ್ತರಿಗೆ ಮತ್ತು ನಮ್ಮ ನಾಗರಿಕರಿಗೆ ತಿಳಿಸುವುದು ಸೇನೆಯ ಗೌರವವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹೊರಡುವ ತುಕಡಿಯ ಪ್ರತಿ ಜವಾನನಿಗೂ ಕೆಲಸಕ್ಕೆ ಬೇಕಾದ ಇನ್ನೂರು ಸ್ಥಳೀಯ ಪದಗಳನ್ನು ಕಲಿಸುವುದು ಕಷ್ಟವಲ್ಲ. ಬೇರೆ ಬೇರೆ ರಾಜ್ಯಗಳಿಂದ ಬಂದು ಕೆಲವೇ ತಿಂಗಳಲ್ಲಿ ಹಿಂದಿ ಕಲಿತುಕೊಳ್ಳುವ ನಮ್ಮ ಸೈನಿಕನಿಗೆ ಸ್ವಾಹಿಲಿಯಾಗಲಿ, ದಕ್ಷಿಣ ಸುಡಾನಿನ ಆಡು ಅರಬ್ಬಿಯಾಗಲಿ ಬೆಟ್ಟವೇನಲ್ಲ. ಪ್ರತಿ ಕಂಪನಿಯಲ್ಲಿ ಇಬ್ಬರು ಮೂವರಿಗೆ ಇನ್ನೂ ಆಳವಾಗಿ ಕಲಿಸಿ, ಅವರನ್ನು ಹಳೆಯ ಮತ್ತು ಹೊಸ ತುಕಡಿಗಳ ನಡುವೆ ಕೆಲವು ತಿಂಗಳು ಹೆಚ್ಚು ಉಳಿಸಿಕೊಳ್ಳಬೇಕು. ಊರಿನ ಪರಿಚಯ ಪ್ರತಿ ವರ್ಷ ಅಳಿಸಿಹೋಗಬಾರದು. ಪ್ರತಿ ನೆಲೆಗೂ ಮಹಿಳಾ ದುಭಾಷಿಗಳು ಬೇಕು. ದುಭಾಷಿ ಬಾರದ ದಿನ ಬದಲಿ ಯಾರೆಂಬುದು ಮೊದಲೇ ನಿಶ್ಚಯವಾಗಿರಬೇಕು. ವಾಹನ ಕೆಟ್ಟರೆ ಬದಲಿ ವಾಹನವಿಲ್ಲದೆ ನಾವು ಗಸ್ತಿಗೆ ಹೊರಡುತ್ತೇವೆಯೇ?

ಈ ಮಾತಿಗೆ ಈಗ ಹೆಚ್ಚಿನ ತುರ್ತು ಬಂದಿದೆ. ಹಣದ ಕೊರತೆಯಿಂದ ಶಾಂತಿಪಾಲಕರ ಸಂಖ್ಯೆಯನ್ನು ಕಾಲು ಭಾಗದಷ್ಟು ಇಳಿಸುವುದಾಗಿ 2025ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಪ್ರಕಟಿಸಿತು. ಖರ್ಚು ಕಡಿತವೆಂದರೆ ಯಾವ ಕಚೇರಿಯಲ್ಲಾದರೂ ಮೊದಲು ಕತ್ತರಿ ಬೀಳುವುದು ಬಲವಿಲ್ಲದವರ ಮೇಲೆ. ಸ್ಥಳೀಯ ದುಭಾಷಿಗಳು, ಸಂಪರ್ಕ ಸಹಾಯಕರು ಅಂಥವರು. ಪಡೆ ಸಣ್ಣದಾದಷ್ಟೂ ಅದಕ್ಕೆ ಸುಳಿವು ಕೊಡುವವರು ಹೆಚ್ಚು ಬೇಕಾಗುತ್ತಾರೆ ಎಂಬುದನ್ನು, ಅತಿ ಹೆಚ್ಚು ಸೈನಿಕರನ್ನು ಕಳುಹಿಸುವ ದೇಶಗಳಲ್ಲೊಂದಾದ ಭಾರತವೇ ನ್ಯೂಯಾರ್ಕಿನಲ್ಲಿ ಗಟ್ಟಿಯಾಗಿ ಹೇಳಬೇಕು.

ಆ ಬುಧವಾರದ ನಂತರ ಕಾಂಗೊದಲ್ಲಿ ನನಗೆ ಐದು ತಿಂಗಳು ಉಳಿದಿದ್ದವು. ದುಭಾಷಿ ಇಲ್ಲದೆ ಒಂದು ದಿನವೂ ಟಾರ್ಪಾಲಿನ ಕೆಳಗೆ ಕೂರಲಿಲ್ಲ. ಹೊರರೋಗಿಗಳ ಪುಸ್ತಕದಲ್ಲಿ ವಯಸ್ಸು, ರೋಗ, ಔಷಧ ಎಂಬ ಕಲಮುಗಳ ಪಕ್ಕದಲ್ಲಿ ಕೈಯಿಂದ ಗೆರೆ ಎಳೆದು ಇನ್ನೊಂದು ಕಲಮು ಮಾಡಿದೆ. ‘ಮತ್ತೇನಾದರೂ ಹೇಳಿದರೆ?’ ಎಂದು ಅದಕ್ಕೆ ತಲೆಬರಹ ಕೊಟ್ಟೆ. ಹೇಳಿದವರ ಹೆಸರನ್ನು ಅಲ್ಲಿ ಬರೆಯುತ್ತಿರಲಿಲ್ಲ. ಬಹಳಷ್ಟು ದಿನ ಆ ಕಲಮು ಖಾಲಿಯಾಗಿಯೇ ಇರುತ್ತಿತ್ತು. ಮೂರು ಸಲ ಮಾತ್ರ ಅದರಲ್ಲಿ ಬರೆದದ್ದನ್ನು ಹಿಡಿದುಕೊಂಡು ನಾನು ಕಂಪನಿ ಕಮಾಂಡರ್ ಬಳಿಗೆ ಓಡಿದೆ, ಮೂರು ಸಲವೂ ಗಸ್ತು ಹೊರಟಿತು. ಆ ಹಳ್ಳಿಗಳಲ್ಲಿ ಆ ರಾತ್ರಿಗಳಂದು ಏನೂ ನಡೆಯಲಿಲ್ಲ. ಗಸ್ತು ಹೋದದ್ದರಿಂದಲೇ ನಡೆಯಲಿಲ್ಲವೆಂದು ನಾನು ಹೇಳಲಾರೆ. ಆದರೆ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ಕಂಡಿದ್ದೆ.